ಅಲೆಯ ಸುದ್ದಿ ಹಂಚುವ ಭಾರತ, ನೆರೆಯ ಸುದ್ದಿಗೆ ಕಾಯುವ ಭಾರತ

ಸುಮಾತ್ರಾ ದ್ವೀಪದ ಪಕ್ಕದಲ್ಲಿ ಕಡಲ ತಳ ಬಿರಿದರೆ ಸುದ್ದಿ ಎರಡು ದಾರಿ ಹಿಡಿದು ಹೊರಡುತ್ತದೆ. ಒಂದು ಬಂಡೆಯೊಳಗಿನ ದಾರಿ. ಕಂಪನದ ಮೊದಲ ಅಲೆ ಸೆಕೆಂಡಿಗೆ ಸುಮಾರು 8 ಕಿ.ಮೀ. ಓಡಿ, ಎರಡು ನಿಮಿಷದ ಆಸುಪಾಸಿನಲ್ಲಿ ಅಂಡಮಾನಿನ ಭೂಕಂಪಮಾಪಕವನ್ನು ಮುಟ್ಟುತ್ತದೆ. ಇನ್ನೊಂದು ನೀರಿನ ದಾರಿ. 4,000 ಮೀಟರ್ ಆಳದ ಕಡಲಲ್ಲಿ ಸುನಾಮಿ ಗಂಟೆಗೆ ಸುಮಾರು 700 ಕಿ.ಮೀ. ವೇಗದಲ್ಲಿ ಬರುತ್ತದೆ. ವಿಮಾನಕ್ಕೆ ಹತ್ತಿರದ ವೇಗ ಅದು, ಆದರೂ ಬಂಡೆಯ ಸುದ್ದಿಗಿಂತ 40 ಪಟ್ಟು ನಿಧಾನ. ಈ ಎರಡು ವೇಗಗಳ ನಡುವಿನ ಬಿಡುವಿನಲ್ಲೇ ಜನರನ್ನು ದಡದಿಂದ ಎಬ್ಬಿಸಬೇಕು. ನಿಕೋಬಾರಿಗೆ ಸಿಗುವ ಬಿಡುವು 20ರಿಂದ 30 ನಿಮಿಷ. ಚೆನ್ನೈಗೆ ಎರಡು ಗಂಟೆಗೂ ಹೆಚ್ಚು. ಸೊಮಾಲಿಯಾಕ್ಕೆ ಸುಮಾರು ಏಳು ಗಂಟೆ.

2004ರ ಡಿಸೆಂಬರ್ 26ರಂದು ಆ ಏಳು ಗಂಟೆಯೂ ಯಾರ ಉಪಯೋಗಕ್ಕೂ ಬರಲಿಲ್ಲ. ಬೆಳಗ್ಗೆ ಆರೂವರೆಗೆ 9.1 ತೀವ್ರತೆಯ ಕಂಪನವಾಯಿತು. ಚೆನ್ನೈ, ನಾಗಪಟ್ಟಿಣಂ ಕಡೆ ಜನ ಭಾನುವಾರದ ಬೆಳಗಿನಲ್ಲಿ ದಡದಲ್ಲೇ ಇದ್ದರು. 14 ದೇಶಗಳಲ್ಲಿ ಸತ್ತವರು ಸುಮಾರು 2.3 ಲಕ್ಷ. ಪೆಸಿಫಿಕ್ ಸಾಗರಕ್ಕಾಗಿ ಹವಾಯಿಯಲ್ಲಿ 1949ರಿಂದಲೇ ಎಚ್ಚರಿಕೆ ಕೇಂದ್ರವಿತ್ತು. ಅಲ್ಲಿನವರ ಪರದೆಯ ಮೇಲೆ ಈ ಕಂಪನ ಕಾಣಿಸಿಕೊಂಡಿತ್ತು ಕೂಡ. ಆದರೆ ಹಿಂದೂ ಮಹಾಸಾಗರದ ದೇಶಗಳಲ್ಲಿ ಆ ಸುದ್ದಿಯನ್ನು ಪಡೆದು ದಡಕ್ಕೆ ಮುಟ್ಟಿಸುವ ವ್ಯವಸ್ಥೆ ಇರಲಿಲ್ಲ.

ಈಗ ಅದಿದೆ, ಮತ್ತು ಅದರ ಒಂದು ಮುಖ್ಯ ಕೊಂಡಿ ಹೈದರಾಬಾದಿನಲ್ಲಿದೆ. ಸಾಗರ ಮಾಹಿತಿ ಸೇವೆಯ ರಾಷ್ಟ್ರೀಯ ಕೇಂದ್ರ ಇನ್‌ಕಾಯ್ಸ್‌ನಲ್ಲಿ 2007ರ ಅಕ್ಟೋಬರ್ 15ರಂದು ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಯಿತು. ಇಂದು ಅದು ಭಾರತಕ್ಕಷ್ಟೇ ಅಲ್ಲ, ಹಿಂದೂ ಮಹಾಸಾಗರದ ಸುತ್ತಲಿನ ಇಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಸುನಾಮಿ ಮಾಹಿತಿ ಕೊಡುತ್ತದೆ.

ಭಾರತ ಜಗತ್ತಿನ ದೊಡ್ಡ ಶಕ್ತಿಯಾಗಿ ಬೆಳೆಯುತ್ತಿದೆ ಎಂಬ ಮಾತು ಬಂದಾಗಲೆಲ್ಲ ಚರ್ಚೆ ಶೃಂಗಸಭೆಗಳ ಸುತ್ತ ತಿರುಗುತ್ತದೆ. 2023ರ ದೆಹಲಿ ಜಿ20, ಆಫ್ರಿಕನ್ ಒಕ್ಕೂಟಕ್ಕೆ ಸಿಕ್ಕ ಕಾಯಂ ಸದಸ್ಯತ್ವ, ಅಂತಾರಾಷ್ಟ್ರೀಯ ಸೌರ ಒಕ್ಕೂಟ, 2019ರಲ್ಲಿ ಶುರುವಾದ ವಿಪತ್ತು ತಾಳಿಕೆ ಮೂಲಸೌಕರ್ಯ ಕೂಟ. ಇವೆಲ್ಲ ಮುಖ್ಯವೇ. ಆದರೆ ಒಂದು ದೇಶದ ದೊಡ್ಡತನವನ್ನು ಅಳೆಯಲು ಇನ್ನೊಂದು ಅಳತೆಗೋಲಿದೆ: ಪಕ್ಕದ ದೇಶದವರ ಪ್ರಾಣ ಉಳಿಸುವ ಮಾಹಿತಿ ನಮ್ಮ ಕೈಯಲ್ಲಿದ್ದಾಗ, ಸಂಬಂಧ ಕೆಟ್ಟ ದಿನವೂ ಅದು ಹರಿಯುತ್ತದೆಯೆ? ಈ ಕೋಲು ಹಿಡಿದರೆ ಭಾರತಕ್ಕೆ ಕಡಲಲ್ಲಿ ಒಂದು ಅಂಕ, ನದಿಯಲ್ಲಿ ಇನ್ನೊಂದು ಅಂಕ ಬೀಳುತ್ತದೆ.

ಮೊದಲ ಹತ್ತು ನಿಮಿಷ

ಹಿಂದೂ ಮಹಾಸಾಗರದಲ್ಲಿ 6.5 ಅಥವಾ ಹೆಚ್ಚಿನ ತೀವ್ರತೆಯ ಕಂಪನವಾದರೆ ಹೈದರಾಬಾದಿನ ಕೊಠಡಿಯಲ್ಲಿ ಕೆಲಸ ಶುರು. ಭಾರತದ್ದೇ 17 ಭೂಕಂಪಮಾಪಕಗಳ ಜಾಲ ಉಪಗ್ರಹದ ಮೂಲಕ ನೇರ ಮಾಹಿತಿ ಕಳಿಸುತ್ತದೆ, ಜತೆಗೆ ಜಗತ್ತಿನ ನೂರಾರು ಕೇಂದ್ರಗಳ ದತ್ತಾಂಶವೂ ಬರುತ್ತದೆ. ಕಂಪನ ಎಲ್ಲಿ, ಎಷ್ಟು ಆಳದಲ್ಲಿ, ಎಷ್ಟು ದೊಡ್ಡದು ಎಂಬ ಮೂರು ಪ್ರಶ್ನೆಗೆ ಉತ್ತರ ಹಿಡಿದುಕೊಂಡು ಸುಮಾರು ಹತ್ತು ನಿಮಿಷದೊಳಗೆ ಮೊದಲ ಪ್ರಕಟಣೆ ಹೊರಡಬೇಕು.

ಆ ಹತ್ತು ನಿಮಿಷದಲ್ಲಿ ಸುನಾಮಿಯ ಲೆಕ್ಕವನ್ನು ಹೊಸದಾಗಿ ಮಾಡುತ್ತ ಕೂರಲು ಆಗದು. ಅದಕ್ಕೇ ಅಂಡಮಾನ್-ಸುಮಾತ್ರಾ ಮತ್ತು ಪಾಕಿಸ್ತಾನ-ಇರಾನ್ ಕರಾವಳಿಯ ಮಕ್ರಾನ್, ಈ ಎರಡು ಅಪಾಯದ ವಲಯಗಳಲ್ಲಿ ಎಲ್ಲಿ ಎಷ್ಟು ದೊಡ್ಡ ಕಂಪನವಾದರೆ ಯಾವ ದಡಕ್ಕೆ ಎಷ್ಟು ಹೊತ್ತಿಗೆ ಎಷ್ಟು ಎತ್ತರದ ಅಲೆ ಬರುತ್ತದೆಂದು ಸಾವಿರಾರು ಕಲ್ಪಿತ ಸುನಾಮಿಗಳನ್ನು ಮೊದಲೇ ಕಂಪ್ಯೂಟರಿನಲ್ಲಿ ಓಡಿಸಿ ಇಟ್ಟಿರುತ್ತಾರೆ. ನಿಜವಾದ ಕಂಪನವಾದಾಗ ಅದಕ್ಕೆ ಅತಿ ಹತ್ತಿರದ ಕಲ್ಪಿತ ಕಂಪನವನ್ನು ಹುಡುಕಿ ತೆಗೆಯುವುದಷ್ಟೇ ಕೆಲಸ. ಮಕ್ರಾನ್ ವಲಯವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಸುಮ್ಮನೆ ಅಲ್ಲ. 1945ರ ನವೆಂಬರ್ 28ರ ನಸುಕಿನಲ್ಲಿ ಅಲ್ಲಿ ಎದ್ದ ಸುನಾಮಿ ಕಚ್ಛ್, ಮುಂಬೈ ತನಕ ಬಂದು ಜೀವ ತೆಗೆದಿತ್ತು. ಕಾರವಾರ, ಮಲ್ಪೆ, ಮಂಗಳೂರಿನವರಿಗೆ ಸುನಾಮಿ ಬಂಗಾಳಕೊಲ್ಲಿಯವರ ಚಿಂತೆ ಎನಿಸಬಹುದು. ಅರಬ್ಬಿ ಸಮುದ್ರಕ್ಕೂ ಅದರದೇ ಬಿರುಕಿದೆ.

ಎಚ್ಚರಿಕೆಗೆ ಮೂರು ಮಟ್ಟ. ಅಲೆ 2 ಮೀಟರಿಗಿಂತ ಎತ್ತರ ಬರುವ ಸಂಭವವಿದ್ದರೆ ‘ವಾರ್ನಿಂಗ್’, ಜನ ಎತ್ತರದ ಜಾಗಕ್ಕೆ ಹೋಗಬೇಕು. ಅರ್ಧ ಮೀಟರಿನಿಂದ 2 ಮೀಟರ್ ಆದರೆ ‘ಅಲರ್ಟ್’, ದಡ ಖಾಲಿ ಮಾಡಬೇಕು. ಅದಕ್ಕೂ ಕಡಿಮೆ ಇದ್ದರೆ ‘ವಾಚ್’, ಕಣ್ಣಿಟ್ಟು ಕಾಯಬೇಕು. ಇದರಲ್ಲಿ ಒಂದು ಸೂಕ್ಷ್ಮವಿದೆ. ಅಲೆ 60 ನಿಮಿಷದೊಳಗೆ ತಲುಪುವ ದಡಕ್ಕೆ ಕಂಪನದ ಲೆಕ್ಕವೊಂದನ್ನೇ ನಂಬಿ ನೇರವಾಗಿ ವಾರ್ನಿಂಗ್ ಕೊಡುತ್ತಾರೆ. ಅದಕ್ಕಿಂತ ದೂರದ ದಡಕ್ಕೆ ಮೊದಲು ಅಲರ್ಟ್ ಕೊಟ್ಟು, ಕಡಲಿನಲ್ಲಿ ಅಲೆ ನಿಜವಾಗಿ ಎದ್ದಿದೆ ಎಂದು ಖಾತ್ರಿಯಾದ ಮೇಲಷ್ಟೇ ವಾರ್ನಿಂಗಿಗೆ ಏರಿಸುತ್ತಾರೆ. ನಿಕೋಬಾರಿನವರಿಗೆ ಸುಳ್ಳು ಎಚ್ಚರಿಕೆಯ ಅಪಾಯ ಸಹಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಚೆನ್ನೈನವರಿಗೆ ಖಾತ್ರಿ ಮಾಡಿಕೊಳ್ಳುವಷ್ಟು ಹೊತ್ತಿದೆ.

ಆ ಖಾತ್ರಿ ಸಿಗುವುದು ಕಡಲ ತಳದಿಂದ. ಸಾವಿರಾರು ಮೀಟರ್ ಆಳದಲ್ಲಿ ನೆಲದ ಮೇಲೆ ಕೂತ ಒತ್ತಡಮಾಪಕವೊಂದು ತನ್ನ ಮೇಲಿರುವ ಇಡೀ ನೀರಿನ ಭಾರವನ್ನು ಅಳೆಯುತ್ತಿರುತ್ತದೆ. ಮೇಲೆ ನೀರಿನ ಮಟ್ಟ ಒಂದು ಸೆಂಟಿಮೀಟರ್ ಏರಿಳಿದರೂ ಅದಕ್ಕೆ ಗೊತ್ತಾಗುತ್ತದೆ. ಮಾಮೂಲಿ ದಿನಗಳಲ್ಲಿ 15 ನಿಮಿಷಕ್ಕೊಮ್ಮೆ ಅಳತೆ ಬರೆದುಕೊಳ್ಳುವ ಯಂತ್ರ, ಮಟ್ಟ ಸುಮಾರು 3 ಸೆಂ.ಮೀ. ತಪ್ಪಿದೊಡನೆ ತಾನೇ ಎಚ್ಚೆತ್ತು ನಿಮಿಷ ನಿಮಿಷಕ್ಕೂ ವರದಿ ಶುರು ಮಾಡುತ್ತದೆ. ನೀರೊಳಗೆ ರೇಡಿಯೊ ಸಾಗದ ಕಾರಣ ವರದಿ ಮೊದಲು ಶಬ್ದದ ಅಲೆಯಾಗಿ ಮೇಲೆ ತೇಲುವ ಬೋಯ್‌ಗೆ ಏರುತ್ತದೆ, ಅಲ್ಲಿಂದ ಉಪಗ್ರಹಕ್ಕೆ, ಉಪಗ್ರಹದಿಂದ ದಡಕ್ಕೆ. ಭಾರತದ ಈ ಬೋಯ್‌ಗಳನ್ನು ನೋಡಿಕೊಳ್ಳುವುದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ.

ಈ ಸರಪಳಿಯಲ್ಲಿ ಹೆಚ್ಚು ಸಲ ಕೈಕೊಡುವುದು ತೇಲುವ ಬೋಯ್. ನಡುಗಡಲಿನಲ್ಲಿ ಏನೇ ತೇಲುತ್ತಿದ್ದರೂ ಅದರ ನೆರಳಿಗೆ ಮೀನು ಸೇರುತ್ತದೆ, ಮೀನು ಸೇರಿದಲ್ಲಿಗೆ ದೋಣಿ ಬರುತ್ತದೆ. ಬೋಯ್‌ಗೆ ಹಗ್ಗ ಕಟ್ಟಿ ದೋಣಿ ನಿಲ್ಲಿಸಿದರೆ ಲಂಗರಿನ ಸರಪಳಿ ಜಗ್ಗಿ ಹರಿಯುತ್ತದೆ. ಸೌರಫಲಕ, ಆಂಟೆನಾ ಬಿಚ್ಚಿಕೊಂಡು ಹೋಗುವವರೂ ಇದ್ದಾರೆ. ಕೆಟ್ಟ ಬೋಯ್ ರಿಪೇರಿಗೆ ಹಡಗೇ ಹೋಗಬೇಕು, ಮಳೆಗಾಲದ ಕಡಲಲ್ಲಿ ಅದು ತಿಂಗಳುಗಟ್ಟಲೆ ಆಗದ ಕೆಲಸ. ಒಂದೆರಡು ಬೋಯ್ ಸತ್ತರೆ ಎಚ್ಚರಿಕೆ ನಿಲ್ಲುವುದಿಲ್ಲ, ಆದರೆ ಖಾತ್ರಿ ಸಿಗುವುದು ತಡವಾಗುತ್ತದೆ. ಉದ್ಘಾಟನೆಯ ದಿನ ಯಂತ್ರ ಕೂರಿಸುವುದು ಸುಲಭ, ಹದಿನೈದು ಇಪ್ಪತ್ತು ವರ್ಷ ಅದನ್ನು ಜೀವಂತ ಇಡುವುದು ಕಷ್ಟ. ಭಾರತ ಈ ಕಷ್ಟದ ಕೆಲಸವನ್ನು ಗದ್ದಲವಿಲ್ಲದೆ ಮಾಡಿಕೊಂಡು ಬಂದಿದೆ, ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ.

ಏನೂ ಆಗುವುದಿಲ್ಲ ಎಂದು ಹೇಳುವ ಧೈರ್ಯ

2012ರ ಏಪ್ರಿಲ್ 11ರ ಮಧ್ಯಾಹ್ನ ಎರಡು ಗಂಟೆ ದಾಟಿದ್ದಷ್ಟೇ, ಸುಮಾತ್ರಾದ ಆಚೆ 8.6 ತೀವ್ರತೆಯ ಕಂಪನ. ಸುಮಾರು ಎರಡು ಗಂಟೆಯ ನಂತರ ಇನ್ನೊಂದು, 8.2. ಚೆನ್ನೈನಲ್ಲಿ ಜನ ಕಚೇರಿ ಬಿಟ್ಟು ಬೀದಿಗೆ ಬಂದರು. ಥಾಯ್ಲೆಂಡ್, ಶ್ರೀಲಂಕಾ ಕರಾವಳಿಯಲ್ಲಿ ತೆರವು ನಡೆಯಿತು. ಹೈದರಾಬಾದಿನ ಕೇಂದ್ರ ಮಾತ್ರ ನಿಕೋಬಾರಿನ ಕೆಲವು ಭಾಗಗಳಿಗಷ್ಟೇ ವಾರ್ನಿಂಗ್ ಕೊಟ್ಟು, ಮುಖ್ಯ ಭೂಮಿಗೆ ಕೆಳಗಿನ ಮಟ್ಟದಲ್ಲೇ ನಿಂತಿತು. ಕಾರಣ ಇಷ್ಟು: ಅಂದು ಕಡಲ ತಳದ ಬಂಡೆಯ ಫಲಕಗಳು ಮೇಲೆ ಕೆಳಗೆ ಜಿಗಿಯದೆ, ಪಕ್ಕಕ್ಕೆ ಸರಿದಿದ್ದವು. ನೀರನ್ನು ಎತ್ತುವ ಜಿಗಿತವೇ ಇಲ್ಲದಿದ್ದರೆ ದೊಡ್ಡ ಅಲೆ ಎಲ್ಲಿಂದ ಬಂದೀತು? ಲೆಕ್ಕ ಸರಿಯಾಯಿತು, ಭಾರತದ ದಡಗಳಿಗೆ ಬಂದದ್ದು ಸಣ್ಣ ಏರಿಳಿತ.

ಇದು ಚಿಕ್ಕ ಸಾಧನೆಯಲ್ಲ. ‘ತೋಳ ಬಂತು ತೋಳ’ ಎಂದು ಎರಡು ಸಲ ಕೂಗಿದರೆ ಮೂರನೆಯ ಸಲ ಯಾರೂ ಏಳುವುದಿಲ್ಲ. ಲಕ್ಷಾಂತರ ಜನರನ್ನು ಸುಮ್ಮಸುಮ್ಮನೆ ಎಬ್ಬಿಸಿದರೆ ನೂಕುನುಗ್ಗಲಿನಲ್ಲೇ ಸಾವಾಗುತ್ತದೆ, ಬಂದರು ನಿಲ್ಲುತ್ತದೆ, ಮುಂದಿನ ಎಚ್ಚರಿಕೆಯ ಬೆಲೆ ಕುಸಿಯುತ್ತದೆ. ಈ ಪರೀಕ್ಷೆ ಪಾಸಾದ ಮೇಲೆಯೇ, 2013ರ ಮಾರ್ಚ್ 31ರಂದು ಜಪಾನ್ ಮತ್ತು ಹವಾಯಿ ಕೇಂದ್ರಗಳು 2004ರ ನಂತರ ತಾವು ಹೊತ್ತಿದ್ದ ಹಿಂದೂ ಮಹಾಸಾಗರದ ತಾತ್ಕಾಲಿಕ ಹೊಣೆಯಿಂದ ಪೂರ್ತಿ ಹಿಂದೆ ಸರಿದವು. ಅಲ್ಲಿಂದ ಈಚೆಗೆ ಆ ಹೊಣೆ ಆಸ್ಟ್ರೇಲಿಯಾ, ಇಂಡೊನೇಷ್ಯಾ ಮತ್ತು ಭಾರತದ್ದು.

ಈ ಮೂವರ ಏರ್ಪಾಡನ್ನು ಕೊಂಚ ಹತ್ತಿರದಿಂದ ನೋಡಬೇಕು, ನದಿಯ ವಿಷಯಕ್ಕೆ ಬಂದಾಗ ಇದೇ ಬೇಕಾಗುತ್ತದೆ. ಯುನೆಸ್ಕೊದ ಸಾಗರ ಆಯೋಗದಡಿ 2005ರಲ್ಲಿ ಒಂದು ಅಂತರ್‌ಸರ್ಕಾರಿ ಮಂಡಳಿ ರಚನೆಯಾಯಿತು. ಮೂರೂ ಕೇಂದ್ರಗಳು ತಮ್ಮ ತಮ್ಮ ಲೆಕ್ಕ ಮಾಡಿ ಎಲ್ಲ ದೇಶಗಳಿಗೂ ಕಳಿಸುತ್ತವೆ. ಒಂದು ಕೆಟ್ಟರೆ ಇನ್ನೆರಡಿವೆ, ಒಂದರ ಲೆಕ್ಕದ ಮೇಲೆ ಅನುಮಾನ ಬಂದರೆ ಇನ್ನೊಂದಕ್ಕೆ ಹೋಲಿಸಿ ನೋಡಬಹುದು. ಜನರನ್ನು ತೆರವು ಮಾಡಿಸುವ ಆದೇಶ ಮಾತ್ರ ಆಯಾ ದೇಶದ ಕೈಯಲ್ಲೇ ಇರುತ್ತದೆ. ಹೈದರಾಬಾದ್ ಕೀನ್ಯಾದ ಮೀನುಗಾರರಿಗೆ ಓಡಿ ಎನ್ನುವುದಿಲ್ಲ, ನಿಮ್ಮ ದಡಕ್ಕೆ ಇಷ್ಟು ಹೊತ್ತಿಗೆ ಇಷ್ಟು ಎತ್ತರದ ಅಲೆ ಎಂದು ಕೀನ್ಯಾದ ಕೇಂದ್ರಕ್ಕೆ ಹೇಳುತ್ತದೆ. ಸಾರ್ವಭೌಮತೆಗೆ ಧಕ್ಕೆಯಿಲ್ಲ, ಒಬ್ಬರ ಮರ್ಜಿಗೆ ಇನ್ನೊಬ್ಬರು ಕಾಯಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆಯ ಹಾಗೆ ‘ಇಂಡಿಯನ್ ಓಷನ್ ವೇವ್’ ಎಂಬ ತಾಲೀಮು ನಡೆದು, ಸುದ್ದಿ ಎಲ್ಲಿ ತಡವಾಯಿತು, ಯಾವ ದೇಶದ ಫ್ಯಾಕ್ಸು, ಇಮೇಲು ಕೆಲಸ ಮಾಡಲಿಲ್ಲ ಎಂಬುದೆಲ್ಲ ಬಯಲಾಗುತ್ತದೆ.

ಚಂಡಮಾರುತದ ವಿಷಯದಲ್ಲೂ ಹೀಗೆಯೇ. ದೆಹಲಿಯ ಹವಾಮಾನ ಇಲಾಖೆಯ ಕೇಂದ್ರ ಜಗತ್ತಿನ ಆರು ಪ್ರಾದೇಶಿಕ ಚಂಡಮಾರುತ ಕೇಂದ್ರಗಳಲ್ಲಿ ಒಂದು. ಬಂಗಾಳಕೊಲ್ಲಿ, ಅರಬ್ಬಿ ಸಮುದ್ರದ ಸುತ್ತಲಿನ 13 ದೇಶಗಳ ಕೂಟಕ್ಕೆ ಅದು ಮುನ್ಸೂಚನೆ ಕೊಡುತ್ತದೆ. ಆ ಕೂಟದಲ್ಲಿ ಪಾಕಿಸ್ತಾನವಿದೆ, ಇರಾನ್ ಇದೆ, ಸೌದಿ ಅರೇಬಿಯಾ ಇದೆ, ಮ್ಯಾನ್ಮಾರ್ ಇದೆ. ಹೆಸರಿಡುವುದೂ ಸರದಿಯಂತೆ: 2021ರ ಸೆಪ್ಟೆಂಬರಿನಲ್ಲಿ ಆಂಧ್ರದ ಕಳಿಂಗಪಟ್ಟಣಂ ಬಳಿ ದಡ ಸೇರಿದ ‘ಗುಲಾಬ್’ ಪಾಕಿಸ್ತಾನ ಕೊಟ್ಟ ಹೆಸರು. 2023ರ ಜೂನ್‌ನಲ್ಲಿ ‘ಬಿಪರ್‌ಜಾಯ್’ ಕಚ್ಛ್‌ನ ಜಖಾವು ಬಂದರಿನ ಕಡೆ ಬರುವಾಗ ಗಡಿಯ ಎರಡೂ ಕಡೆ ಸೇರಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಎಬ್ಬಿಸಲಾಗಿತ್ತು. ಆ ಹೊತ್ತಿಗೆ ಎರಡೂ ದೇಶಗಳ ನಡುವೆ ಮಾತುಕತೆಯೇ ಇರಲಿಲ್ಲ. ಆದರೂ ದೆಹಲಿಯ ಪ್ರಕಟಣೆಗಳು ಕರಾಚಿಗೆ ವೇಳೆಗೆ ಸರಿಯಾಗಿ ಹೋಗುತ್ತಿದ್ದವು, ಏಕೆಂದರೆ ಕಳಿಸಬೇಕೋ ಬೇಡವೋ ಎಂದು ಆ ದಿನ ಯಾರೂ ಕುಳಿತು ತೀರ್ಮಾನಿಸಬೇಕಾಗಿರಲಿಲ್ಲ. ವ್ಯವಸ್ಥೆ ತನ್ನಷ್ಟಕ್ಕೆ ಕಳಿಸುತ್ತದೆ.

ಈ ಮುನ್ಸೂಚನೆಯಲ್ಲಿ ಹಾಸನದ ಪಾಲೂ ಇದೆ. ಮೋಡಗಳ ಚಿತ್ರ ಕಳಿಸುವ ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್‌ನಂಥ ಭೂಸ್ಥಿರ ಉಪಗ್ರಹಗಳ ನಿಯಂತ್ರಣ ನಡೆಯುವುದು ಹಾಸನದ ಇಸ್ರೊ ಕೇಂದ್ರದಿಂದ.

ಸುದ್ದಿ ತಲುಪಿದರೂ ಸಾವು ತಪ್ಪದೆ ಇರುವುದೇಕೆ

ಯಂತ್ರ, ಉಪಗ್ರಹ, ಒಪ್ಪಂದ ಎಲ್ಲ ಇದ್ದೂ ಸೋಲುವ ಜಾಗಗಳಿವೆ. 2018ರ ಸೆಪ್ಟೆಂಬರ್ 28ರಂದು ಇಂಡೊನೇಷ್ಯಾದ ಪಾಲು ನಗರದಲ್ಲಿ ಕಂಪನವಾದ ಕೆಲವೇ ನಿಮಿಷಕ್ಕೆ ಅಲೆ ನುಗ್ಗಿತು. ಕೊಲ್ಲಿಯೊಳಗೆ ನೀರಿನಡಿ ಮಣ್ಣು ಕುಸಿದದ್ದೂ ಅಲೆಯನ್ನು ಎಬ್ಬಿಸಿತ್ತು. ಇಂಡೊನೇಷ್ಯಾದ ಬೋಯ್‌ಗಳು ವರ್ಷಗಳಿಂದ ಕೆಟ್ಟು ಕೂತಿದ್ದವು. ಕಂಪನ ಮತ್ತು ಸುನಾಮಿ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಡಿಸೆಂಬರ್ 22ರ ರಾತ್ರಿ ಅನಕ್ ಕ್ರಕಟೋವ ಜ್ವಾಲಾಮುಖಿಯ ಒಂದು ಮಗ್ಗುಲೇ ಕಡಲಿಗೆ ಜಾರಿತು. ದೊಡ್ಡ ಭೂಕಂಪವೇ ಆಗಲಿಲ್ಲವಾದ್ದರಿಂದ ಭೂಕಂಪಕ್ಕೆ ಕಾದು ಕೂತ ವ್ಯವಸ್ಥೆ ಕಣ್ಣು ತೆರೆಯಲಿಲ್ಲ. ನಾನೂರಕ್ಕೂ ಹೆಚ್ಚು ಸಾವು. ಕಾಲಡಿಯ ನೆಲ ಜೋರಾಗಿ, ಬಹಳ ಹೊತ್ತು ನಡುಗಿದರೆ ಸೈರನ್ನಿಗೆ ಕಾಯದೆ ಎತ್ತರಕ್ಕೆ ಓಡಬೇಕು ಎಂದು ದಡದವರಿಗೆ ಕಲಿಸುವುದು ಅದಕ್ಕೇ ಅನಿವಾರ್ಯ.

ಇನ್ನೊಂದು ಬಗೆಯ ಸೋಲು ಮ್ಯಾನ್ಮಾರ್‌ನದು. 2008ರ ಮೇ ತಿಂಗಳಲ್ಲಿ ‘ನರ್ಗಿಸ್’ ದಡ ಸೇರುವ 48 ಗಂಟೆ ಮೊದಲೇ ಭಾರತದ ಹವಾಮಾನ ಇಲಾಖೆ ಅಲ್ಲಿನ ಸರ್ಕಾರಕ್ಕೆ ತಿಳಿಸಿತ್ತು. ಸುದ್ದಿ ರಾಜಧಾನಿಯವರೆಗೆ ಬಂದು ನಿಂತಿತು. ಇರಾವತಿ ಮುಖಜಭೂಮಿಯ ಹಳ್ಳಿಗಳಲ್ಲಿ ಸತ್ತವರು, ಕಾಣೆಯಾದವರು ಸೇರಿ 1.38 ಲಕ್ಷ. ದೇವರು ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಮಾತನ್ನು ಇಷ್ಟು ಭಯಾನಕವಾಗಿ ನಿಜ ಮಾಡಿದ ಘಟನೆ ಇನ್ನೊಂದಿಲ್ಲ.

ಒಡಿಶಾ ಇದರ ತದ್ವಿರುದ್ಧ. 1999ರ ಸೂಪರ್ ಸೈಕ್ಲೋನಿನಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಕಳೆದುಕೊಂಡ ರಾಜ್ಯ, 2019ರ ‘ಫಾನಿ’ ಬಂದಾಗ ಹನ್ನೆರಡು ಲಕ್ಷ ಜನರನ್ನು ಮುಂಚಿತವಾಗಿ ತೆರವು ಮಾಡಿತು, ಸಾವು 64ಕ್ಕೆ ನಿಂತಿತು. ಇದೇ ಒಡಿಶಾದ ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಎಂಬ ಎರಡು ಮೀನುಗಾರರ ಊರುಗಳು 2020ರಲ್ಲಿ ಯುನೆಸ್ಕೊದಿಂದ ‘ಸುನಾಮಿ ಸನ್ನದ್ಧ’ ಮಾನ್ಯತೆ ಪಡೆದವು. ಹಿಂದೂ ಮಹಾಸಾಗರದಲ್ಲಿ ಅವೇ ಮೊದಲು. ಮಾನ್ಯತೆ ಸಿಗಬೇಕಾದರೆ ಊರಿನ ಯಾವ ಮನೆಗೆ ನೀರು ಬರುತ್ತದೆಂಬ ನಕ್ಷೆ ಇರಬೇಕು, ಓಡುವ ದಾರಿಗೆ ಫಲಕ ಹಾಕಿರಬೇಕು, ಹಗಲಿರುಳೂ ಸುದ್ದಿ ಪಡೆಯುವ ಮತ್ತು ಊರಿಗೆ ಸಾರುವ ಸಾಧನ ಇರಬೇಕು, ತಾಲೀಮು ಮಾಡಿರಬೇಕು. ಹೀಗೆ ಒಟ್ಟು 12 ಷರತ್ತು. 2024ರಲ್ಲಿ ಒಡಿಶಾದ ಇನ್ನೂ 24 ಊರುಗಳು ಸೇರಿದವು. ಕರ್ನಾಟಕದ ಮುನ್ನೂರು ಕಿ.ಮೀ. ಕರಾವಳಿಯ ಪಂಚಾಯತಿಗಳು ಈ 12 ಷರತ್ತನ್ನು ಒಮ್ಮೆ ಓದಿ ನೋಡಬೇಕು. ಹೆಚ್ಚಿನವುಗಳಿಗೆ ಬೇಕಾದದ್ದು ಹಣವಲ್ಲ, ಒಬ್ಬ ಆಸಕ್ತ ಅಧಿಕಾರಿ ಮತ್ತು ವರ್ಷಕ್ಕೊಂದು ದಿನ.

ಕಡಲಿಗೆ ಹೋದವರ ಕಥೆ ಬೇರೆ. 2017ರ ಕೊನೆಯಲ್ಲಿ ‘ಒಖಿ’ ಕೆಲವೇ ಗಂಟೆಗಳಲ್ಲಿ ವಾಯುಭಾರ ಕುಸಿತದಿಂದ ಚಂಡಮಾರುತವಾಯಿತು. ಅಷ್ಟರಲ್ಲಿ ಕೇರಳ, ತಮಿಳುನಾಡಿನ ಆಳಕಡಲ ದೋಣಿಗಳು ವಾರದ ಹಿಂದೆಯೇ ಹೊರಟು ಮೊಬೈಲ್ ಸಿಗ್ನಲ್ ಎಟುಕದ ಜಾಗದಲ್ಲಿದ್ದವು. ನೂರಾರು ಜನ ಮರಳಲಿಲ್ಲ. ಅದರ ಪಾಠವಾಗಿ 2019ರಲ್ಲಿ ‘ಜೆಮಿನಿ’ ಎಂಬ ಸಾಧನ ಬಂತು. ಉಪಗ್ರಹದ ಸಂದೇಶವನ್ನು ಹಿಡಿದು ಬ್ಲೂಟೂತ್ ಮೂಲಕ ಮೊಬೈಲಿಗೆ ಕೊಡುತ್ತದೆ. ಆದರೆ ಕೇಳಬಹುದಷ್ಟೇ, ಉತ್ತರಿಸಲಾಗದು. ದೋಣಿ ಮುಳುಗುತ್ತಿದೆ ಎಂದು ಹೇಳಲು ದಾರಿಯಿರಲಿಲ್ಲ. ಎರಡೂ ಕಡೆ ಮಾತಾಡುವ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ದೋಣಿಗಳಿಗೆ ಕೂರಿಸುವ ಕೆಲಸ 2024ರಿಂದ ನಡೆದಿದೆ.

ಮುಚ್ಚಿದ ಕೈ

ಇಷ್ಟು ಹೇಳಿದ ಮೇಲೆ ಭಾರತದ ಇನ್ನೊಂದು ಮುಖವನ್ನೂ ಹೇಳಬೇಕು. 2004ರ ನಂತರ ಜಗತ್ತು ಭೂಕಂಪ ದತ್ತಾಂಶವನ್ನು ಆಯಾ ಕ್ಷಣಕ್ಕೇ ಹಂಚಿಕೊಳ್ಳೋಣ ಎಂದಾಗ ಭಾರತ ಹಿಂಜರಿಯಿತು. ಭೂಕಂಪಮಾಪಕಕ್ಕೆ ಅಣುಪರೀಕ್ಷೆಯೂ ಕೇಳಿಸುತ್ತದೆ ಎಂಬುದು ಆತಂಕ. ಕಡೆಗೆ ಪೋರ್ಟ್ ಬ್ಲೇರ್, ಮಿನಿಕಾಯ್, ಶಿಲ್ಲಾಂಗ್‌ನ ಕೇಂದ್ರಗಳ ದತ್ತಾಂಶವನ್ನು ಹಂಚಲು ಒಪ್ಪಿತು. ಸಮಗ್ರ ಅಣುಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಹಾಕದ ಕಾರಣ, ಆ ಒಪ್ಪಂದದ ಸಂಸ್ಥೆ ಹಲವು ದೇಶಗಳ ಸುನಾಮಿ ಕೇಂದ್ರಗಳಿಗೆ ಕೊಡುವ ದತ್ತಾಂಶದ ಏರ್ಪಾಡಿನಿಂದಲೂ ಹೊರಗಿದೆ. ರಕ್ಷಣೆಯ ಕಾರಣ ಅರ್ಥವಾಗುವಂಥದ್ದೇ. ಆದರೆ ಜಗತ್ತಿನ ನೂರಾರು ಕೇಂದ್ರಗಳಿಂದ ಪಡೆದು ಬೆರಳೆಣಿಕೆಯಷ್ಟು ಕೊಡುವುದು ಕೊಡುಕೊಳ್ಳುವಿಕೆಯ ತಕ್ಕಡಿಯಲ್ಲಿ ಸಮ ತೂಗುವುದಿಲ್ಲ.

ನದಿಯ ವಿಷಯದಲ್ಲಿ ಕೈ ಇನ್ನೂ ಬಿಗಿ. ಕೃಷ್ಣಾ, ಕಾವೇರಿಯ ಹರಿವಿನ ಲೆಕ್ಕವನ್ನು ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಗಂಗಾ, ಬ್ರಹ್ಮಪುತ್ರ, ಸಿಂಧೂ ನದಿಗಳ ಹರಿವಿನ ದಾಖಲೆ ಮಾತ್ರ ಗೋಪ್ಯ ವರ್ಗಕ್ಕೆ ಸೇರಿದ್ದು, ನಮ್ಮದೇ ಸಂಶೋಧಕರೂ ಅನುಮತಿಗೆ ಅಲೆಯಬೇಕು.

ಇದರ ಕಹಿ ಭಾರತಕ್ಕೇ ಗೊತ್ತು, ಏಕೆಂದರೆ ಬ್ರಹ್ಮಪುತ್ರದಲ್ಲಿ ಭಾರತ ಕೆಳಗಿನ ದೇಶ. ಟಿಬೆಟಿನ ಮೂರು ಕೇಂದ್ರಗಳಿಂದ ಮಳೆಗಾಲದ ನೀರಿನ ಮಟ್ಟ, ಹರಿವಿನ ಲೆಕ್ಕ ಕೊಡುವ ಒಪ್ಪಂದ ಚೀನಾದ ಜತೆ 2002ರಲ್ಲಿ ಆಗಿತ್ತು. 2017ರಲ್ಲಿ ಡೋಕ್ಲಾಂನಲ್ಲಿ ಸೇನೆಗಳು ಎದುರುಬದುರಾದ ವರ್ಷ ಆ ಲೆಕ್ಕ ಬರಲಿಲ್ಲ. ಕೇಂದ್ರಗಳ ದುರಸ್ತಿ ನಡೆದಿದೆ ಎಂದು ಚೀನಾ ಹೇಳಿತು, ಆದರೆ ಬಾಂಗ್ಲಾದೇಶಕ್ಕೆ ಮಾಹಿತಿ ಹೋಗುತ್ತಿತ್ತು. ಮರುವರ್ಷ ಮತ್ತೆ ಶುರುವಾಯಿತು. 2023ರಲ್ಲಿ ಒಪ್ಪಂದದ ಅವಧಿಯೇ ಮುಗಿಯಿತು. 2025ರ ಜುಲೈನಲ್ಲಿ ಅದೇ ನದಿಯ ಮೇಲ್ಭಾಗದಲ್ಲಿ, ಮೆಡೋಗ್ ಬಳಿ, ಜಗತ್ತಿನ ಅತಿ ದೊಡ್ಡ ಜಲವಿದ್ಯುತ್ ಯೋಜನೆಯ ಕೆಲಸವನ್ನು ಚೀನಾ ಆರಂಭಿಸಿತು.

ಮರು ತಿಂಗಳು, ಆಗಸ್ಟ್‌ನಲ್ಲಿ, ಒಂದೇ ವಾರದೊಳಗೆ ನಡೆದ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದಾಗ, ತುರ್ತು ಸಂದರ್ಭದಲ್ಲಿ ‘ಮಾನವೀಯ ನೆಲೆಯಲ್ಲಿ’ ನದಿಯ ಮಾಹಿತಿ ಕೊಡಲು ಚೀನಾ ಒಪ್ಪಿತು. ಅದಾಗಿ ಕೆಲವೇ ದಿನಕ್ಕೆ, 24ರಂದು, ತವಿ ನದಿ ಉಕ್ಕುತ್ತಿದೆ ಎಂದು ಭಾರತ ಪಾಕಿಸ್ತಾನಕ್ಕೆ ತಿಳಿಸಿತು. ಪಹಲ್ಗಾಮ್ ದಾಳಿಯ ನಂತರ 1960ರ ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿದಿದ್ದರಿಂದ ಸುದ್ದಿ ಸಿಂಧೂ ಆಯುಕ್ತರ ಮೂಲಕ ಹೋಗದೆ ಇಸ್ಲಾಮಾಬಾದಿನ ರಾಯಭಾರ ಕಚೇರಿಯ ಮೂಲಕ ಹೋಯಿತು. ಭಾರತ ಕೊಟ್ಟ ವಿವರಣೆಯೂ ಅದೇ: ಮಾನವೀಯ ನೆಲೆಯಲ್ಲಿ.

ಸುದ್ದಿ ಕೊಟ್ಟದ್ದು ಒಳ್ಳೆಯದೇ. ಭಯೋತ್ಪಾದನೆಯ ಗಾಯ ಹಸಿಯಾಗಿದ್ದಾಗಲೂ ಕೆಳಗಿನ ದಡದ ಜನರ ನೆನಪಾದದ್ದು ಸಣ್ಣ ಮಾತಲ್ಲ. ಆದರೆ ‘ಮಾನವೀಯ ನೆಲೆ’ ಎಂದರೆ ಕೊಡುವುದೂ ಬಿಡುವುದೂ ಮೇಲಿನವರ ಮನಸ್ಸು ಎಂದರ್ಥ. ಮನಸ್ಸಿನ ಮೇಲೆ ನೆರೆಯ ಮುನ್ಸೂಚನೆ ಕಟ್ಟಲಾಗದು. ಕೆಳಗಿನ ಅಣೆಕಟ್ಟಿನ ಎಂಜಿನಿಯರಿಗೆ ಬೇಕಾಗಿರುವುದು ಜೂನ್ ಒಂದರಿಂದ ಅಕ್ಟೋಬರ್ ತನಕ ತಪ್ಪದೆ ಬರುವ ಅಂಕಿ. ನಿನ್ನೆ ಎಷ್ಟಿತ್ತು, ಇಂದು ಎಷ್ಟಾಯಿತು, ಗಂಟೆಗೆ ಎಷ್ಟು ಏರುತ್ತಿದೆ ಎಂದು ಗೊತ್ತಿದ್ದರೆ ಮಾತ್ರ ಮೊದಲೇ ಬಾಗಿಲು ತೆರೆದು ಜಲಾಶಯದಲ್ಲಿ ಜಾಗ ಮಾಡಿಕೊಳ್ಳಬಹುದು. ‘ಭಾರೀ ನೀರು ಬರುತ್ತಿದೆ’ ಎಂಬ ಒಂದು ಸಾಲಿನ ಸಂದೇಶದಿಂದ ಅದಾಗದು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಊರುಗಳು ಮುಳುಗಿದ್ದನ್ನು ಕಂಡವರಿಗೆ, ಕೊಯ್ನಾದಿಂದ ಎಷ್ಟು ಬಿಟ್ಟರು ಎಂಬುದು ಆಲಮಟ್ಟಿಯಲ್ಲಿ ಗಂಟೆಗಂಟೆಗೂ ಏಕೆ ಬೇಕು ಎಂದು ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ನೆರೆ ಎಂದರೆ ಪ್ರವಾಹವೂ ಹೌದು, ಪಕ್ಕದವರೂ ಹೌದು. ನದಿಯಲ್ಲಿ ಎರಡೂ ಒಟ್ಟಿಗೇ ಬರುತ್ತವೆ.

ಎಲ್ಲವೂ ದುರುದ್ದೇಶದಿಂದ ನಿಲ್ಲುವುದಿಲ್ಲ ಎಂಬುದೂ ಇಲ್ಲಿ ಮುಖ್ಯ. 2024ರ ಆಗಸ್ಟಿನಲ್ಲಿ ಬಾಂಗ್ಲಾದೇಶದ ಫೆನಿ ಕಡೆ ಊರುಗಳು ಮುಳುಗಿದಾಗ, ತ್ರಿಪುರಾದ ಡುಂಬೂರ್ ಅಣೆಕಟ್ಟನ್ನು ಭಾರತ ಹೇಳದೆ ಕೇಳದೆ ತೆರೆಯಿತು ಎಂಬ ಆಕ್ರೋಶ ಢಾಕಾದ ಬೀದಿಗೆ ಬಂತು. ಭಾರತದ ವಿದೇಶಾಂಗ ಸಚಿವಾಲಯದ ವಿವರಣೆ ಹೀಗಿತ್ತು: ಅದು ಗಡಿಯಿಂದ 120 ಕಿ.ಮೀ. ಮೇಲಿರುವ ತಗ್ಗು ಅಣೆಕಟ್ಟು, ನೀರು ತಾನಾಗಿ ಹೊರಬಿದ್ದಿದೆ. ಅಣೆಕಟ್ಟಿರುವ ಗೋಮತಿ ನದಿಯುದ್ದಕ್ಕೂ ಮೂರು ಮಾಪನ ಕೇಂದ್ರಗಳಿವೆ, ಅಮರಪುರದ ಕೇಂದ್ರದಿಂದ ಬಾಂಗ್ಲಾದೇಶಕ್ಕೆ ಆಗಿಂದಾಗ ಮಾಹಿತಿ ಹೋಗುತ್ತದೆ. ಆಗಸ್ಟ್ 21ರ ಮಧ್ಯಾಹ್ನ 3 ಗಂಟೆಯವರೆಗೆ ನೀರು ಏರುತ್ತಿರುವ ಲೆಕ್ಕ ಹೋಗಿದೆ. ಸಂಜೆ 6ಕ್ಕೆ ಪ್ರವಾಹದಿಂದ ಕರೆಂಟು ಹೋಗಿ ಸಂಪರ್ಕ ತಪ್ಪಿತು.

ಅಂದರೆ ಯಾವ ಪ್ರವಾಹವನ್ನು ಅಳೆಯಲು ಕೇಂದ್ರ ಕಟ್ಟಿದ್ದಾರೋ ಅದೇ ಪ್ರವಾಹಕ್ಕೆ ಕೇಂದ್ರದ ಸಂಪರ್ಕ ಕಡಿಯಿತು. ಇದಕ್ಕೆ ಪರಿಹಾರ ಇನ್‌ಕಾಯ್ಸ್‌ನವರಿಗೆ ಬಾಯಿಪಾಠ: ಸೌರಫಲಕ, ಬ್ಯಾಟರಿ, ಉಪಗ್ರಹಕ್ಕೆ ನೇರ ಸಂದೇಶ, ಒಂದು ಕೇಂದ್ರ ಸುಮ್ಮನಾದರೆ ಎಚ್ಚರಿಸುವ ಇನ್ನೊಂದು. ಕಡಲ ನಡುವೆ ಸಾವಿರಾರು ಮೀಟರ್ ಆಳದಿಂದ ಸುದ್ದಿ ತರಿಸಿಕೊಳ್ಳುವ ದೇಶಕ್ಕೆ ಅಮರಪುರದಿಂದ ತರಿಸಿಕೊಳ್ಳುವುದು ಕಷ್ಟವೇ?

ಕಷ್ಟವಿರುವುದು ತಂತ್ರಜ್ಞಾನದಲ್ಲಿ ಅಲ್ಲ, ಏರ್ಪಾಡಿನಲ್ಲಿ. ಕಡಲಿನ ವ್ಯವಸ್ಥೆ ಹಲವು ದೇಶಗಳದ್ದು, ನಿಯಮ ಮೊದಲೇ ಬರೆದದ್ದು, ಯಾವ ಮಟ್ಟ ದಾಟಿದರೆ ಏನು ಕಳಿಸಬೇಕೆಂಬುದು ಯಂತ್ರಕ್ಕೇ ಗೊತ್ತಿರುವಂಥದ್ದು, ಎರಡು ವರ್ಷಕ್ಕೊಮ್ಮೆ ತಾಲೀಮು ಆಗುವಂಥದ್ದು. ನದಿಯದು ಇಬ್ಬರಿಬ್ಬರ ನಡುವಿನ ವ್ಯವಹಾರ, ಅವಧಿ ಮುಗಿದರೆ ನವೀಕರಿಸಬೇಕು, ಮುನಿಸು ಬಂದರೆ ನಿಲ್ಲುತ್ತದೆ. ನೀರಿನ ಹಂಚಿಕೆಯ ಜಗಳ ಬೇರೆ, ಅದು ದಶಕಗಳು ಹಿಡಿದೀತು. ಪ್ರವಾಹದ ಎಚ್ಚರಿಕೆಯನ್ನು ಆ ಜಗಳದಿಂದ ಬಿಡಿಸಿ ಬೇರೆ ಕಡತಕ್ಕೆ ಹಾಕಬಹುದು. ಭಾರತ ಇದನ್ನು ತಾನು ಮೇಲಿರುವ ನದಿಗಳಲ್ಲಿ ಮೊದಲು ಮಾಡಿ ತೋರಿಸಬಹುದು: ಫೆನಿ, ಗೋಮತಿ, ತೀಸ್ತಾ, ತವಿ. ನಿಗದಿತ ಮಟ್ಟ ದಾಟಿದೊಡನೆ ಯಾರ ಸಹಿಗೂ ಕಾಯದೆ ಕೆಳಗಿನ ದೇಶದ ಕೇಂದ್ರಕ್ಕೆ ಹೋಗುವ ಅಂಕಿ. ಹಾಗೆ ಕೊಟ್ಟ ಮೇಲೆ ಬ್ರಹ್ಮಪುತ್ರದ ಮೂರು ಕೇಂದ್ರಗಳ ಲೆಕ್ಕವನ್ನು ಬೀಜಿಂಗಿನಿಂದ ಕೇಳುವಾಗ ಭಾರತದ ಮಾತಿಗೆ ಬರುವ ತೂಕವೇ ಬೇರೆ.

ತೀಸ್ತಾ ಹೆಸರು ಸುಮ್ಮನೆ ಸೇರಿಸಿದ್ದಲ್ಲ. 2023ರ ಅಕ್ಟೋಬರ್ 4ರ ನಸುಕಿನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೊನಾಕ್ ಹಿಮಸರೋವರ ಒಡೆದು ಚುಂಗ್‌ಥಾಂಗ್ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಆ ನೀರು ಕೆಳಗಿಳಿದು ಸೇರಿದ್ದು ಬಾಂಗ್ಲಾದೇಶಕ್ಕೆ. ಸರೋವರದ ದಂಡೆಗೆ ತಿಂಗಳ ಹಿಂದಷ್ಟೇ ಮಾಪನ ಯಂತ್ರ ಹೊತ್ತು ಹೋಗಿದ್ದ ತಂಡದ ಕೆಲಸ ಅರ್ಧಕ್ಕೆ ನಿಂತಿತ್ತು.